ಪುಟ್ಟ ಎದೆಗೂಡು ಕಲಿಸಿದ್ದು

1. ಬಸುರಿನ ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಕಂಡ, ಕೂಸಿನ ಶ್ವಾಸಕೋಶದ ಗುಳ್ಳೆ ಎಂಟನೇ ತಿಂಗಳಲ್ಲಿ ಕಾಣದಿದ್ದರೆ ‘ಕರಗಿತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಬಹಳ ಸಲ ಅದು ಕರಗಿರುವುದಿಲ್ಲ, ಅಕ್ಕಪಕ್ಕದ ಶ್ವಾಸಕೋಶದ ಛಾಯೆಯಲ್ಲಿ ಮರೆಯಾಗಿರುತ್ತದೆ. ಹುಟ್ಟಿದ ಮೇಲೆ ತೆಗೆದ ಎಕ್ಸ್‌ರೇ ಕೂಡ ಚೊಕ್ಕವಾಗಿ ಕಾಣಬಹುದು. ಕೆಲವು ತಿಂಗಳ ನಂತರ ಸಿ.ಟಿ. ಮಾಡಿಸಲೇಬೇಕು.

2. “ಆಡ್ಕೊಂಡು ನಗ್ತಾ ಇರೋ ಮಗೂಗೆ ಆಪರೇಷನ್ ಯಾಕೆ ಡಾಕ್ಟ್ರೇ?” ನ್ಯಾಯವಾದ ಪ್ರಶ್ನೆ. ತೊಂದರೆ ಕಾಣದಿದ್ದರೆ ಕಾದು ನೋಡೋಣ ಎನ್ನುವ ವೈದ್ಯರೂ ಇದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮೂರು ಸಲ ನ್ಯುಮೋನಿಯಾ ಆಗಿ, ನಡುವೆ ಕ್ಷಯದ ಮಾತ್ರೆಯನ್ನೂ ನುಂಗಿ ಬಂದ ನಾಲ್ಕು ವರ್ಷದ ಹುಡುಗಿಯ ಎದೆಯೊಳಗೆ ಕ್ಯಾಮೆರಾ ಇಳಿಸಿದ ದಿನ ಸೋಂಕು ತಗಲುವ ಮುನ್ನವೇ ಆಪರೇಷನ್ ಮಾಡಬೇಕೆಂಬ ನನ್ನ ನಿಲುವು ಗಟ್ಟಿಯಾಯಿತು. ಶ್ವಾಸಕೋಶ ಪಕ್ಕೆಗೆ ಅಂಟಿಕೊಂಡಿತ್ತು. ಊದಿದ ಗ್ರಂಥಿಗಳು ರಕ್ತನಾಳಗಳಿಗೆ ಕಚ್ಚಿಕೊಂಡಿದ್ದವು. ಒಂದು ಗಂಟೆ ಬಿಡಿಸಿದರೂ ದಾರಿ ಸಿಗಲಿಲ್ಲ. ಸೋಂಕು ತಗಲದ ಏಳೆಂಟು ತಿಂಗಳ ಕೂಸಿನಲ್ಲಿ ಅವೇ ಪದರಗಳು ತಾವಾಗಿ ಬಿಟ್ಟುಕೊಡುತ್ತವೆ. ಆ ವಯಸ್ಸಿನಲ್ಲಿ ಗಾಳಿಗೂಡುಗಳು ಇನ್ನೂ ಹುಟ್ಟುತ್ತಿರುತ್ತವೆ; ಶ್ವಾಸಕೋಶದ ಕೆಟ್ಟ ಹಾಲೆಯನ್ನು, ಅಂದರೆ ಆ ಭಾಗವನ್ನು, ತೆಗೆದರೆ ಉಳಿದದ್ದು ಬೆಳೆದು ಜಾಗ ತುಂಬುತ್ತದೆ.

3. ಇಂಥ ದೋಷಗಳಲ್ಲೇ ಸೀಕ್ವೆಸ್ಟ್ರೇಷನ್ ಎಂಬ ಬಗೆಯಲ್ಲಿ ಕೆಟ್ಟ ತುಂಡಿಗೆ ರಕ್ತ ಬರುವುದು ಸಾಮಾನ್ಯವಾಗಿ ನೇರ ಮಹಾಪಧಮನಿಯಿಂದ. ಕೆಲವರಲ್ಲಿ ಆ ನಾಳ ಹೊಟ್ಟೆಯಿಂದ ಹೊರಟು, ಎದೆ-ಹೊಟ್ಟೆಯ ನಡುವಿನ ವಪೆಯನ್ನು ದಾಟಿ ಮೇಲೆ ಬರುತ್ತದೆ. ಸರಿಯಾಗಿ ಕಟ್ಟದೆ ಕತ್ತರಿಸಿದರೆ ತುದಿ ವಪೆಯ ಕೆಳಗೆ ಜಾರಿ, ಕಣ್ಣಿಗೆ ಕಾಣದ ಕಡೆ ರಕ್ತ ಹರಿಯುತ್ತದೆ. ಆಪರೇಷನ್ನಿನ ಹಿಂದಿನ ರಾತ್ರಿ ಸಿ.ಟಿ.ಯಲ್ಲಿ ಆ ನಾಳದ ಜಾಡು ಹಿಡಿಯದೆ ನಾನು ಮಲಗುವುದಿಲ್ಲ.

4. ಅರ್ಧ ಆಪರೇಷನ್ ಅರಿವಳಿಕೆ ವೈದ್ಯರದು. ದೊಡ್ಡವರಿಗೆ ಹಾಕುವ ಎರಡು ಕೊಳವೆಯ ಟ್ಯೂಬ್ ಕೂಸಿನ ಗಂಟಲಲ್ಲಿ ಹಿಡಿಸದು. ಒಂದೇ ಟ್ಯೂಬನ್ನು ಒಳ್ಳೆಯ ಕಡೆಗೆ ಇಳಿಸಿಯೋ, ಕೆಟ್ಟ ಕಡೆಯ ಶ್ವಾಸನಾಳಕ್ಕೆ ಪುಟ್ಟ ಬಲೂನಿನಿಂದ ತಡೆ ಹಾಕಿಯೋ ಒಂದೇ ಶ್ವಾಸಕೋಶದಲ್ಲಿ ಉಸಿರಾಡಿಸುತ್ತಾರೆ. ಅವರು “ನಿಲ್ಲಿಸಿ” ಎಂದರೆ ಕೈ ನಿಲ್ಲಬೇಕು.

5. ಪಕ್ಕೆ ಸೀಳಿ ಎದೆ ತೆರೆದ ಮಕ್ಕಳಲ್ಲಿ ಕೆಲವರಿಗೆ ಬೆಳೆಯುತ್ತಾ ಬೆನ್ನು ವಾಲುತ್ತದೆ, ಭುಜದೆಲುಬು ಎದ್ದು ನಿಲ್ಲುತ್ತದೆ. ಎದೆ ತೆರೆಯದೆ, 3 ಮತ್ತು 5 ಮಿಲಿಮೀಟರಿನ ರಂಧ್ರಗಳಲ್ಲೇ ಕ್ಯಾಮೆರಾ ಇಳಿಸಿ ಮುಗಿಸಲು ನಾವು ಇಷ್ಟು ಪಡಿಪಾಟಲು ಪಡುವುದು ಅದಕ್ಕೇ, ಗಾಯದ ಚೆಂದಕ್ಕಲ್ಲ. ಹಾಗಿದ್ದೂ ದಾರಿ ಕಾಣದಾಗ ತೆರೆಯಬೇಕು. ಆ ನಾಲ್ಕು ವರ್ಷದ ಹುಡುಗಿಗೆ ತೆರೆದೇ ಮುಗಿಸಿದೆ. ಈಗ ಶಾಲೆಗೆ ಹೋಗುತ್ತಾಳೆ. ತಪಾಸಣೆಗೆ ಬಂದಾಗಲೆಲ್ಲ ಅವಳನ್ನು ಮುಂದಕ್ಕೆ ಬಾಗಿಸಿ ಬೆನ್ನುಮೂಳೆ ನೋಡುತ್ತೇನೆ.