ಬಾಲವಾಡಿಯ ಸಂಗೀತ: ಸಾಸವಡದ ತಂಗಿಗೆ ಕಿವಿಮಾತು

ತಂಗೀ, ಸಾಸವಡದ ಬಾಲವಾಡಿಯಲ್ಲಿ ಸಂಗೀತ ಹೇಳಿಕೊಡಲು ಒಪ್ಪಿಕೊಂಡೆ ಎಂದು ಕೇಳಿ ಹಿಗ್ಗಿದೆ. ಆ ಊರಿಗೆ ಹತ್ತಿರದಲ್ಲೇ ಪುರಂದರಗಡ. ಪುರಂದರದಾಸರು ಹುಟ್ಟಿದ್ದು ಅಲ್ಲಿ ಎಂಬ ನಂಬಿಕೆ ಹಳೆಯದು. ಅಲ್ಲ, ತೀರ್ಥಹಳ್ಳಿಯ ಆರಗದ ಕಡೆ ಎನ್ನುವವರೂ ಇದ್ದಾರೆ. ಹುಟ್ಟೂರು ಯಾವುದೇ ಇರಲಿ, ಸರಳೆ, ಜಂಟಿ, ಅಲಂಕಾರ, ಗೀತೆ ಎಂದು ಕಲಿಯುವವರಿಗೆ ಮೆಟ್ಟಿಲು ಕಟ್ಟಿಕೊಟ್ಟ ಕೀರ್ತಿ ಅವರದು. ನಾಲ್ಕು ವರ್ಷದ ಮಗು ಆ ಮೊದಲ ಮೆಟ್ಟಿಲಿಗೂ ಇನ್ನೂ ಬಂದಿರುವುದಿಲ್ಲ. ಅಲ್ಲಿಯವರೆಗೆ ಕರೆತರುವುದಷ್ಟೇ ನಿನ್ನ ಕೆಲಸ.

• ಮೊದಲ ವರ್ಷ ಸರಿಗಮ ಬೇಡ. ಹಾಡು ಬಾಯಿಗೆ ಬರಲಿ, ಸ್ವರದ ಹೆಸರು ಆಮೇಲೆ. ಸರಳೆಗೆ ಗೊತ್ತುಮಾಡಿದ ಮಾಯಾಮಾಳವಗೌಳದಲ್ಲಿ, ಅಂದರೆ ನಮ್ಮ ಕಡೆಯ ಭೈರವದ ಸ್ವರಗಳಲ್ಲಿ, ಸ-ರಿ, ಗ-ಮ ಒತ್ತೊತ್ತಾಗಿ ಕೂತಿವೆ. ಎಳೆಯ ಗಂಟಲಿಗೆ ಆ ಸಣ್ಣ ಅಂತರ ಕಷ್ಟ. ಭೂಪ, ದುರ್ಗಾದಂಥ ಐದು ಸ್ವರದ ಧಾಟಿಯಲ್ಲಿ ಆ ಇಕ್ಕಟ್ಟಿಲ್ಲ.

• ಶ್ರುತಿಯ ವಿಷಯದಲ್ಲಿ ದೊಡ್ಡವರೇ ಎಡವುವುದು. ತಮ್ಮ ಗಂಟಲಿಗೆ ಒಗ್ಗುವ ಷಡ್ಜ ಹಿಡಿಯುತ್ತಾರೆ; ಮಕ್ಕಳು ಕೆಳಗಿನ ಸ್ವರದಲ್ಲಿ ಗೊಣಗುತ್ತಾರೆ, ಮೇಲೆ ಹೋದರೆ ಕಿರುಚುತ್ತಾರೆ. ಕೊನೆಗೆ 'ಈ ಮಗುವಿಗೆ ಶ್ರುತಿಯೇ ಇಲ್ಲ' ಎಂಬ ತೀರ್ಪು. ಅನ್ಯಾಯ ಅದು. ಬಿಳಿ ಒಂದಕ್ಕೋ ಕರಿ ಒಂದಕ್ಕೋ ಷಡ್ಜ ಇಟ್ಟುಕೋ. ಹಾಡು ಷಡ್ಜದಿಂದ ಪಂಚಮದೊಳಗಿರಲಿ, ಹೆಚ್ಚೆಂದರೆ ಧೈವತ. 'ಜೋರಾಗಿ ಹಾಡಿ' ಎಂದು ಯಾವತ್ತೂ ಅನ್ನಬೇಡ.

• ಹಾರ್ಮೋನಿಯಂ ಮುಚ್ಚಿಡು. ಅದನ್ನು ನುಡಿಸುವಾಗ ನಿನ್ನ ಕಣ್ಣು ಅದರ ಮೇಲೆ. ಮಕ್ಕಳು ಕಲಿಯುವುದು ನಿನ್ನ ತುಟಿ ನೋಡಿ. ಫೋನಿನ ತಂಬೂರಿ ಸಣ್ಣಗೆ ಕೇಳಿಸುತ್ತಿದ್ದರೆ ಸಾಕು.

• ಮಕ್ಕಳ ಲಯ ಚುರುಕು. ನಿಧಾನದ ಹಾಡು ಸುಲಭ ಎಂದುಕೊಳ್ಳಬೇಡ, ಅವರಿಗೆ ಅದೇ ಕಠಿಣ. ಲಯ ಕಲಿಸಲು ಸಾಸವಡಕ್ಕಿಂತ ಒಳ್ಳೆಯ ಜಾಗ ಸಿಕ್ಕೀತೆ? ಆಷಾಢದ ವಾರಿ ಯಾತ್ರೆಯಲ್ಲಿ ಜ್ಞಾನೇಶ್ವರರ ಪಾಲಖಿ ದಿವೆ ಘಾಟ್ ಹತ್ತಿ ಬಂದು ಅಲ್ಲೇ ತಂಗುತ್ತದೆ. ಸೋಪಾನದೇವರ ಪಾಲಖಿ ಹೊರಡುವುದೂ ಅಲ್ಲಿಂದಲೇ. ತಾಯಂದಿರನ್ನು ಜೊತೆಗೆ ಕರೆದುಕೊಂಡು ಮಕ್ಕಳನ್ನು ರಸ್ತೆ ಬದಿಗೆ ನಿಲ್ಲಿಸು; ತಾಳ, ಪಖವಾಜು ಕಿವಿಗೆ ಬೀಳಲಿ. ಮರುದಿನ ತರಗತಿಯಲ್ಲಿ ವಾರಕರಿಗಳ ಪಾವಲಿ ಆಡಿಸು: ಹೆಜ್ಜೆ ಮುಂದೆ, ಹೆಜ್ಜೆ ಹಿಂದೆ. ಚಪ್ಪಾಳೆ ತಪ್ಪುವ ಮಗುವಿನ ಮೊಳಕಾಲು ನೋಡು, ಸರಿಯಾಗಿ ಕುಣಿಯುತ್ತಿರುತ್ತದೆ. ಲಯ ಅದಕ್ಕೆ ಬಂದಿದೆ, ಕೈಗೆ ಇಳಿಯಬೇಕಷ್ಟೆ. ಮುಂದೆ ಪುಣೆಯಲ್ಲೇ ನೆಲೆಸಿದ ನಮ್ಮ ಗದಗಿನ ಭೀಮಸೇನ ಜೋಶಿಯವರೂ ಎಳೆತನದಲ್ಲಿ ಭಜನೆಯ ಮೆರವಣಿಗೆಗಳ ಬೆನ್ನುಹತ್ತಿ ಹೋಗಿಬಿಡುತ್ತಿದ್ದರಂತೆ.

• ಬಾಯಿ ಬಿಡದ ಮಗುವನ್ನು ಕಾಡಬೇಡ. ತಿಂಗಳುಗಟ್ಟಲೆ ಸುಮ್ಮನೆ ಕೂತದ್ದು ಮನೆಯ ಬಚ್ಚಲಲ್ಲಿ ಪೂರ್ತಿ ಹಾಡು ಹೇಳುತ್ತದೆ. ತಾಯಿಯನ್ನು ಕೇಳಿ ನೋಡು.

• ದಿನಕ್ಕೆ ಹದಿನೈದು ನಿಮಿಷ. ವಾರಕ್ಕೊಮ್ಮೆ ಒಂದು ತಾಸಿಗಿಂತ ಇದು ಮೇಲು.

• ಹಾಡು ಮನೆಯಿಂದ ಬರಲಿ. ಹಂಗೇರಿಯ ಕೊದಾಯ್ ಸಾರಿದ್ದೂ ಇದನ್ನೇ: ಮೊದಲು ತಾಯ್ನುಡಿಯ ಜನಪದ ಹಾಡು. ಸಾಸವಡದ ಅಜ್ಜಿಯರಿಗೆ ಬೀಸುವ ಕಲ್ಲಿನ ಓವಿಗಳು ಇನ್ನೂ ನೆನಪಿರುತ್ತವೆ, ಒಬ್ಬರನ್ನು ಕರೆಸಿ ಹಾಡಿಸು. ಕನ್ನಡದ ಮನೆಯ ಮಗು ಇದ್ದರೆ ರಾಜರತ್ನಂ ಅವರ ತುತ್ತೂರಿಯನ್ನು ಮರಾಠಿ ಮಕ್ಕಳೆಲ್ಲರಿಗೂ ಕಲಿಸು. ಅರ್ಥ ತಿಳಿಯದಿದ್ದರೂ ಮಕ್ಕಳು ಅಂಥ ಹಾಡನ್ನು ಬಿಡುವುದಿಲ್ಲ.

• ಗ್ಯಾದರಿಂಗ್ ಹತ್ತಿರ ಬಂದಾಗ, ಸ್ಪೀಕರ್ ಹಚ್ಚಿ ಸಿನಿಮಾ ಹಾಡಿಗೆ ಕುಣಿಸಿ ಎಂಬ ಒತ್ತಾಯ ಬಂದೇ ಬರುತ್ತದೆ. ಆ ಸದ್ದಿನಲ್ಲಿ ಮಗುವಿಗೆ ತನ್ನ ದನಿಯೇ ಕೇಳಿಸದು. ಜಗಳ ಆಡಬೇಡ. ಪಾಲಕರನ್ನು ತರಗತಿಗೆ ಕರೆ, ಮಕ್ಕಳ ಪಕ್ಕ ಚಾಪೆಯ ಮೇಲೆ ಕೂಡಿಸು, ಅವರನ್ನೂ ಹಾಡಿಸು. ಉಳಿದದ್ದರಲ್ಲಿ ಹೆಚ್ಚುಕಡಿಮೆಯಾದರೂ ನಡೆದೀತು, ಇದನ್ನು ಮಾತ್ರ ಬಿಟ್ಟುಕೊಡಬೇಡ ತಂಗೀ.