ಎಡದ ಮಹಾಸಿರೆಯ ವರದಿ ಕೈಗೆ ಬಂದಾಗ

ಎಕೋ ಪರೀಕ್ಷೆಯ ವರದಿಯಲ್ಲಿ ‘ಪರ್ಸಿಸ್ಟೆಂಟ್ ಲೆಫ್ಟ್ ಎಸ್‌ವಿಸಿ’ ಎಂಬ ಮಾತನ್ನು ಕಂಡೊಡನೆ ಕೆಲವರು ಪ್ರಾಣಭಯದಿಂದ ತತ್ತರಿಸುವುದನ್ನೂ, ಭಯವಿಲ್ಲವೆಂಬ ಆಶ್ವಾಸನೆ ದೊರೆತೊಡನೆ ಮತ್ತೆ ಕೆಲವರು ಆ ವರದಿಯನ್ನೇ ಎಲ್ಲಿಯೋ ಎಸೆದು ಮರೆಯುವುದನ್ನೂ ನೋಡಿ, ಈ ವಿಷಯವನ್ನು ಕ್ರಮವಾಗಿ ತಿಳಿಸಬೇಕೆನಿಸಿತು.

ಗರ್ಭಸ್ಥ ಶಿಶುವಿನಲ್ಲಿ ಮೇಲುಮೈಯ ರಕ್ತವನ್ನು ಹೃದಯಕ್ಕೆ ತರುವ ಸಿರೆಗಳು ಎಡಬಲಗಳೆರಡರಲ್ಲಿಯೂ ಇದ್ದು, ಕ್ರಮೇಣ ಎಡದ್ದು ಕ್ಷಯಿಸುತ್ತದೆ; ಸಾವಿರದಲ್ಲಿ ಸುಮಾರು 3ರಿಂದ 5 ಮಂದಿಯಲ್ಲಿ ಅದು ಉಳಿದುಬಿಡುತ್ತದೆ; ಹೀಗೆ ಉಳಿದ ಎಡದ ಮಹಾಸಿರೆಯೇ ವರದಿಯ ‘ಪರ್ಸಿಸ್ಟೆಂಟ್ ಲೆಫ್ಟ್ ಎಸ್‌ವಿಸಿ’.

ಮೊದಲು ವೈದ್ಯರಲ್ಲಿ ಕೇಳತಕ್ಕ ಪ್ರಶ್ನೆ, ಆ ಸಿರೆ ಎಲ್ಲಿಗೆ ಸೇರುತ್ತದೆಂಬುದು. ಬಹುಪಾಲು ಜನರಲ್ಲಿ ಅದು ಕರೋನರಿ ಸೈನಸ್ ಎಂಬ ಹೃದಯದ ಸಿರೆನಾಳದ ಮೂಲಕ ಬಲ ಹೃತ್ಕರ್ಣವನ್ನೇ ಸೇರುವುದರಿಂದ ಅದಕ್ಕಾಗಿಯೇ ಚಿಕಿತ್ಸೆ ಬೇಕಾಗುವುದಿಲ್ಲ. ಎಡ ಹೃತ್ಕರ್ಣವನ್ನು ಸೇರಿದ ಪಕ್ಷದಲ್ಲಿ ಮಾತ್ರ, ಶ್ವಾಸಕೋಶವೆಂಬ ಶೋಧಕವನ್ನು ಹಾಯದೆಯೇ ರಕ್ತದ ಹೆಪ್ಪಾಗಲಿ ಗಾಳಿಯ ಗುಳ್ಳೆಯಾಗಲಿ ನೇರವಾಗಿ ಮೆದುಳಿಗೆ ಹೋಗಿ ಪಾರ್ಶ್ವವಾಯುವನ್ನು ತರುವ ಸಂಭವವುಂಟು.

ಸಿರೆ ಎಲ್ಲಿಗೆ ಸೇರುತ್ತದೆಂಬುದನ್ನು ನಿರ್ಣಯಿಸಲು, ಕುಲುಕಿದ ಲವಣಜಲವನ್ನು ಸಿರೆಯೊಳಕ್ಕೆ ಚುಚ್ಚಿ, ಅದರ ಸೂಕ್ಷ್ಮ ಗುಳ್ಳೆಗಳ ಮಾರ್ಗವನ್ನು ಎಕೋದಲ್ಲಿ ನೋಡುತ್ತಾರೆ. ಸೂಜಿಯನ್ನು ಎಡಗೈಗೇ ಹಾಕಬೇಕೆಂಬ ಒಂದು ಮಾತನ್ನು ಓದುಗರು ಎಂದಿಗೂ ಮರೆಯಕೂಡದು. ಅನುಕೂಲವೆಂದು ಬಲಗೈಗೆ ಹಾಕಿದರೆ, ಸಾಮಾನ್ಯವಾಗಿ ಸರಿಯಾಗಿಯೇ ಇರುವ ಬಲದ ಮಹಾಸಿರೆಯ ಮೂಲಕ ಗುಳ್ಳೆಗಳು ಬಲ ಹೃತ್ಕರ್ಣವನ್ನು ಸೇರಿ, ಸಂಶಯಾಸ್ಪದವಾದ ಸಿರೆಯನ್ನು ಮುಟ್ಟದೆಯೇ ‘ನಾರ್ಮಲ್’ ಎಂಬ ಫಲಿತಾಂಶ ಹೊರಡುತ್ತದೆ. ಇಂತಹ ಸುಳ್ಳು ಸಮಾಧಾನ ಪರೀಕ್ಷೆಯನ್ನೇ ಮಾಡದಿರುವುದಕ್ಕಿಂತ ಅಪಾಯಕರವೆಂದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಸಂಕೋಚಪಡದೆ ಎಡಗೈಯನ್ನು ಚಾಚಿ, ಕಾರಣವನ್ನೂ ಹೇಳಿರಿ. ಬಲಗೈಗೆ ಈಗಾಗಲೇ ಸೂಜಿಯಿದ್ದರೂ ಎಡಗೈಗೆ ಇನ್ನೊಂದನ್ನು ಹಾಕಿಸಿಕೊಳ್ಳಿರಿ. ಗುಳ್ಳೆಗಳು ಮೊದಲು ಕರೋನರಿ ಸೈನಸ್ಸಿನಲ್ಲಿಯೂ ಅನಂತರ ಬಲ ಹೃತ್ಕರ್ಣದಲ್ಲಿಯೂ ಕಂಡರೆ ನಿಶ್ಚಿಂತೆ. ನೇರವಾಗಿ ಎಡ ಹೃತ್ಕರ್ಣದಲ್ಲಿ ಕಂಡರೆ ಹೃದ್ರೋಗತಜ್ಞರ ಸಲಹೆ ಅನಿವಾರ್ಯ. ಅಂತಹವರು ಎಡಗೈಯ ಡ್ರಿಪ್ಪಿನಲ್ಲಿ ಗಾಳಿಯ ಗುಳ್ಳೆ ಲೇಶವೂ ಉಳಿಯದಂತೆ ದಾದಿಯರನ್ನು ಪ್ರತಿಸಲವೂ ಎಚ್ಚರಿಸತಕ್ಕದ್ದು. ಸಂದೇಹ ಉಳಿದರೆ ಸಿಟಿ ಸ್ಕ್ಯಾನ್ ಉಂಟು.

ಪೇಸ್‌ಮೇಕರ್, ಡಯಾಲಿಸಿಸ್ ನಳಿಕೆ, ಹೃದಯದ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದಕ್ಕೆ ಹೋದರೂ ಮುಂಚಿತವಾಗಿ ವರದಿಯನ್ನು ತೋರಿಸಿರಿ. ಪೇಸ್‌ಮೇಕರಿನ ತಂತಿಯನ್ನು ವಾಡಿಕೆಯಂತೆ ಎಡದಿಂದ ತೂರಿಸಿದರೆ ಅದು ವಕ್ರಮಾರ್ಗದಲ್ಲಿ ಸುತ್ತಬೇಕಾಗುತ್ತದೆ. ಕೆಲವರಲ್ಲಿ ಬಲದ ಮಹಾಸಿರೆಯೇ ಇಲ್ಲದಿರುವುದರಿಂದ ಅದನ್ನೂ ವಿಚಾರಿಸಿಕೊಳ್ಳಬೇಕು. ವರದಿಯ ಒಂದು ಪ್ರತಿ ಮನೆಯವರ ಬಳಿಯೂ ಇರಲಿ.