ಮಗಳ ಸಂದರ್ಶನಕ್ಕೆ ಸಂಘವೂ ತಯಾರಾಗಲಿ

(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಕೂಡಿ ಚರ್ಚಿಸಿರಿ)



ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಸಂಘಗಳಲ್ಲಿ ಸಾಲದ ಅರ್ಜಿಗಳ ಬಣ್ಣವೇ ಬದಲಾಗುತ್ತದೆ. ಹಸುವಿಗೆ, ಹೊಲಿಗೆ ಯಂತ್ರಕ್ಕೆ ಅಂತ ಸಾಲ ಕೇಳುತ್ತಿದ್ದ ತಾಯಂದಿರು "ಮಗಳ ಓದಿಗೆ" ಅಂತ ಬರೆಸುತ್ತಾರೆ. ಇದು ಸಂತೋಷದ ವಿಷಯ. ಆದರೆ ಯಾವ ಕೋರ್ಸು ಅಂತ ಕೇಳಿದರೆ, "ಏನೋ ಡಾಕ್ಟರ್ ಅಸಿಸ್ಟೆಂಟ್ ಅಂತೆ ಸಿಸ್ಟರ್, ಇಂಟರ್‌ವ್ಯೂ ಇದೆಯಂತೆ" ಎನ್ನುತ್ತಾರೆ. ಹಸು ಕೊಳ್ಳುವ ಮೊದಲು ಹಲ್ಲು ನೋಡುತ್ತೇವೆ, ಹಾಲು ಕರೆದು ನೋಡುತ್ತೇವೆ. ನಾಲ್ಕು ವರ್ಷದ ಓದಿಗೆ ಸಾಲ ಮಾಡುವಾಗ ಅಷ್ಟಾದರೂ ನೋಡಬೇಡವೇ?

ಈ ಸಲದ ಪಾಠ ಅದರ ಬಗ್ಗೆ. ಮೊದಲು ನಮ್ಮ ಒಂದು ಸಂಘದಲ್ಲಿ ನಡೆದದ್ದನ್ನು ಹೇಳುತ್ತೇವೆ.

ಬಾಯಿಪಾಠ ಮಾಡಿದ ಹುಡುಗಿ

ಸದಸ್ಯೆಯೊಬ್ಬರ ಮಗಳು ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದಿದ್ದಳು. ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸಿಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆಂದು ನಲವತ್ತು ಪ್ರಶ್ನೆ, ನಲವತ್ತು ಉತ್ತರ ಇಂಗ್ಲಿಷಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು. ಅಲ್ಲಿ ಕುಳಿತಿದ್ದ ವೈದ್ಯರು ಆ ನಲವತ್ತರಲ್ಲಿ ಒಂದನ್ನೂ ಕೇಳಲಿಲ್ಲ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ? ನೀನು ಏನು ಮಾಡಿದ್ದೀಯಾ?" ಅಂತ ಕೇಳಿದರು. ಹುಡುಗಿ ತಡವರಿಸಿ "ನೋ ಸರ್" ಅಂದುಬಿಟ್ಟಳು. ಸೀಟು ಸಿಗಲಿಲ್ಲ.

ಮನೆಗೆ ಬಂದು ಅತ್ತಳು. ತಾಯಿ ನಮ್ಮ ಬಳಿ ಕರೆತಂದರು. "ಯಾಕಮ್ಮ, ನಿಮ್ಮ ಅಜ್ಜಿಗೆ ಎರಡು ವರ್ಷದಿಂದ ಇನ್ಸುಲಿನ್ ಚುಚ್ಚುತ್ತಿರುವವಳು ನೀನೇ ಅಲ್ಲವೇ?" ಅಂತ ಕೇಳಿದೆವು.

"ಹೌದು ಸಿಸ್ಟರ್. ಆದ್ರೆ ಅದು ಮನೆ ಕೆಲಸ ಅಲ್ವಾ? ಅದನ್ನೆಲ್ಲ ಅಲ್ಲಿ ಹೇಳ್ತಾರಾ?"

ಈ ಹುಡುಗಿ ಒಂದು ರಾತ್ರಿ ಅಜ್ಜಿ ಬೆವರಿ ನಡುಗುತ್ತಿದ್ದಾಗ ಸಕ್ಕರೆ ಇಳಿದಿದೆ ಅಂತ ಗುರುತಿಸಿ, ಎಚ್ಚರ ಇದ್ದಾಗಲೇ ಸಕ್ಕರೆ ನೀರು ಕುಡಿಸಿ, ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಷ್ಟು ಗಂಟೆಗೆ ಏನಾಯಿತು ಅಂತ ವೈದ್ಯರಿಗೆ ವಿವರವಾಗಿ ಹೇಳಿದವಳು. ಅವಳು ಓದಲು ಹೊರಟಿದ್ದ ಕೋರ್ಸು ಕಲಿಸುವುದೇ ಇದನ್ನು! ಕೈಯಲ್ಲಿದ್ದ ಚಿನ್ನವನ್ನು ಮನೆಯಲ್ಲಿ ಬಿಟ್ಟು ಹಿತ್ತಾಳೆ ಹಿಡಿದುಕೊಂಡು ಹೋಗಿದ್ದಳು.

ಈ ಕೋರ್ಸು ಏನು?

ವೈದ್ಯರ ಕೊರತೆಯಿಂದ ಹುಟ್ಟಿದ ಕೆಲಸ ಇದು. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಎಂಬವರು ನೌಕಾಪಡೆಯಲ್ಲಿ ಗಾಯಾಳುಗಳ ಆರೈಕೆ ಮಾಡಿದ್ದ ನಾಲ್ಕು ಜನರನ್ನು ಸೇರಿಸಿ ಮೊದಲ ತರಗತಿ ಆರಂಭಿಸಿದರು. ನಮ್ಮ ದೇಶದಲ್ಲಿ 1992ರಲ್ಲಿ ಚೆನ್ನೈಯ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಅವರು ಪ್ರಾರಂಭಿಸಿದರು. ಈಗ ಕರ್ನಾಟಕವೂ ಸೇರಿ ಹಲವು ಕಡೆ ಇದೆ. ಸಾಮಾನ್ಯವಾಗಿ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಸೇರಬಹುದು. ಆಸ್ಪತ್ರೆಯ ತರಬೇತಿಯೂ ಸೇರಿ ಸುಮಾರು ನಾಲ್ಕು ವರ್ಷ.

ಕೆಲಸ ಏನೆಂದರೆ, ರೋಗಿಯ ಕಾಯಿಲೆಯ ಹಿನ್ನೆಲೆ ಕೇಳಿ ಬರೆಯುವುದು, ಪರೀಕ್ಷಿಸುವುದು, ರಕ್ತ ಪರೀಕ್ಷೆ ಮುಂತಾದವುಗಳ ವರದಿ ನೋಡಿ ವೈದ್ಯರಿಗೆ ತಿಳಿಸುವುದು, ಆಪರೇಷನ್‌ನಲ್ಲಿ ನೆರವಾಗುವುದು, ಡಿಸ್ಚಾರ್ಜ್ ಕಾಗದ ಸಿದ್ಧಪಡಿಸುವುದು, ಮನೆಯವರಿಗೆ ಅರ್ಥವಾಗುವಂತೆ ತಿಳಿಸಿ ಹೇಳುವುದು. ನರ್ಸ್ ಕೆಲಸವೇ ಬೇರೆ, ಅದಕ್ಕೆ ಬೇರೆ ಓದು, ಬೇರೆ ಕೌನ್ಸಿಲ್ ಇದೆ. ಎರಡೂ ಗೌರವದ ಕೆಲಸಗಳೇ.

ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಇದನ್ನು ಓದಿದವರು ಡಾಕ್ಟರ್ ಆಗುವುದಿಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ಸ್ವಂತ ಕ್ಲಿನಿಕ್ ಇಡುವಂತಿಲ್ಲ. ಊರಲ್ಲಿ "ನನ್ನ ಮಗಳು ಡಾಕ್ಟರ್ ಓದ್ತಾಳೆ" ಅಂತ ಹೇಳಿಕೊಂಡರೆ ನಾಳೆ ಮಗಳಿಗೇ ಮುಜುಗರ.

ಹೆಸರಿನ ಬಗ್ಗೆಯೂ ಗೊಂದಲ ಬೇಡ. ಕೇಂದ್ರ ಸರ್ಕಾರದ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯಲ್ಲಿ ಈ ಕೆಲಸಕ್ಕೆ ಫಿಸಿಶಿಯನ್ ಅಸೋಸಿಯೇಟ್ ಎಂಬ ಹೆಸರಿದೆ. 2025ರಲ್ಲಿ ಹೊರಬಂದ ಏಕರೂಪದ ಪಠ್ಯಕ್ರಮದಲ್ಲೂ ಇದೇ ಹೆಸರು. ಅಸಿಸ್ಟೆಂಟ್ ಎಂದರೂ ಅಸೋಸಿಯೇಟ್ ಎಂದರೂ ಕೆಲಸ ಒಂದೇ.

ಸಂದರ್ಶನದಲ್ಲಿ ಏನು ನೋಡುತ್ತಾರೆ?

ಕೆಲವು ಕಾಲೇಜುಗಳಲ್ಲಿ ಅಂಕ ನೋಡಿ ಸೀಟು ಕೊಡುತ್ತಾರೆ. ಕೆಲವು ಕಡೆ ಅದರ ಜೊತೆ ಸಂದರ್ಶನವೂ ಇರುತ್ತದೆ. ಅಂಕಪಟ್ಟಿ ಅವರ ಮೇಜಿನ ಮೇಲೆ ಮೊದಲೇ ಇರುತ್ತದೆ. ಹಾಗಾದರೆ ಕರೆದು ಮಾತಾಡಿಸುವುದೇಕೆ? ಅಂಕಪಟ್ಟಿಯಲ್ಲಿ ಕಾಣದ್ದನ್ನು ನೋಡಲು. ಮುಖ್ಯವಾಗಿ ಮೂರು ಸಂಗತಿಗಳು:

1. ತಾನು ಏನಾಗಲು ಹೊರಟಿದ್ದೇನೆ ಅಂತ ಈ ಹುಡುಗಿಗೆ ಗೊತ್ತಿದೆಯೇ?
2. ಕಾಯಿಲೆಯವರ ಹತ್ತಿರ ನಿಲ್ಲುವ ಮನಸ್ಸು, ತಾಳ್ಮೆ ಇದೆಯೇ?
3. ಗೊತ್ತಿಲ್ಲದಾಗ "ಗೊತ್ತಿಲ್ಲ, ಕೇಳಿ ತಿಳಿದುಕೊಳ್ಳುತ್ತೇನೆ" ಅಂತ ಹೇಳುವ ಪ್ರಾಮಾಣಿಕತೆ ಇದೆಯೇ?

ಮೂರನೆಯದು ಬಹಳ ಮುಖ್ಯ. ವೈದ್ಯರ ಕೈಕೆಳಗೆ ಕೆಲಸ ಮಾಡುವವರು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದರೆ ರೋಗಿಯ ಜೀವಕ್ಕೇ ಅಪಾಯ.

"ಡಾಕ್ಟರ್ ಯಾಕೆ ಓದಲಿಲ್ಲ?" ಅಂತ ಕೇಳಬಹುದು. ಎಂಬಿಬಿಎಸ್‌ಗೆ ಪ್ರಯತ್ನಿಸಿ ಸೀಟು ಸಿಗದಿದ್ದರೆ ಅದನ್ನು ಮುಚ್ಚಿಡುವುದು ಬೇಡ. "ಪ್ರಯತ್ನ ಮಾಡಿದೆ, ಸಿಗಲಿಲ್ಲ. ಆಮೇಲೆ ಈ ಕೆಲಸದ ಬಗ್ಗೆ ವಿಚಾರಿಸಿದೆ. ರೋಗಿಯ ಜೊತೆ ಹೆಚ್ಚು ಹೊತ್ತು ಇರುವ ಕೆಲಸ, ನನಗೆ ಒಪ್ಪುತ್ತದೆ" ಅಂತ ನಿಜ ಹೇಳಲಿ. ಆದರೆ ಅಲ್ಲಿಗೇ ನಿಲ್ಲಿಸಬಾರದು, ಈ ಕೆಲಸದಲ್ಲಿ ತನಗೆ ಏನು ಹಿಡಿಸಿತು ಅಂತ ಒಂದು ಉದಾಹರಣೆ ಕೊಡಲಿ.

ಸನ್ನಿವೇಶ ಕೊಟ್ಟು ಕೇಳುವುದೂ ಉಂಟು. "ರೋಗಿಗೆ ಕೊಡಬೇಕಾದ ಔಷಧಿಯ ಪ್ರಮಾಣ ತಪ್ಪಾಗಿದೆ ಅಂತ ನಿನಗೆ ಅನುಮಾನ ಬಂತು. ಬರೆದವರು ದೊಡ್ಡ ಡಾಕ್ಟರ್. ಏನು ಮಾಡ್ತೀಯಾ?" ಇಲ್ಲಿ ಸುಮ್ಮನಿರುವುದೂ ತಪ್ಪು, ತಾನೇ ತಿದ್ದುವುದೂ ತಪ್ಪು. ಔಷಧಿ ಕೊಡುವ ಮೊದಲೇ ಆ ವೈದ್ಯರನ್ನು ಮರ್ಯಾದೆಯಿಂದ ಕೇಳಿ ಖಚಿತ ಮಾಡಿಕೊಳ್ಳಬೇಕು. ಅವರು ಸಿಗದಿದ್ದರೆ ಮೇಲಿನ ಇನ್ನೊಬ್ಬ ವೈದ್ಯರಿಗೆ ತಿಳಿಸಬೇಕು.

ಮೊಬೈಲಿನಲ್ಲಿ ಹುಡುಕಿದರೆ ಅಮೆರಿಕದ ಸಲಹೆಗಳೇ ಹೆಚ್ಚು ಸಿಗುತ್ತವೆ. ಅಲ್ಲಿ ಒಂದು ಪದವಿ ಮುಗಿಸಿ, ಆಮೇಲೆ ಎರಡು ಎರಡೂವರೆ ವರ್ಷದ ಸ್ನಾತಕೋತ್ತರ ಕೋರ್ಸು ಓದಬೇಕು. ಸೇರುವ ಮೊದಲೇ ನೂರಾರು, ಸಾವಿರಾರು ಗಂಟೆ ರೋಗಿಗಳ ಜೊತೆ ಕೆಲಸ ಮಾಡಿರಬೇಕು ಅಂತ ಬಹಳ ಕಾಲೇಜುಗಳು ಕೇಳುತ್ತವೆ. ಕೆಲವು ಕಡೆ ಅಭ್ಯರ್ಥಿಯನ್ನು ಒಂದಾದ ಮೇಲೊಂದು ಕೋಣೆಗೆ ಕಳಿಸಿ, ಒಂದೊಂದರಲ್ಲೂ ಕೆಲವೇ ನಿಮಿಷ ಒಂದೊಂದು ಸನ್ನಿವೇಶದ ಬಗ್ಗೆ ಮಾತಾಡಿಸುತ್ತಾರೆ. ಇದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಬಂದ ಕ್ರಮ. ಇದನ್ನೆಲ್ಲ ಓದಿ ಪಿಯುಸಿ ಮುಗಿಸಿದ ನಮ್ಮ ಮಕ್ಕಳು ಹೆದರಬೇಕಾಗಿಲ್ಲ. ಆದರೆ ಅದರಿಂದ ಒಂದು ಪಾಠ ಕಲಿಯೋಣ. ರೋಗಿಗಳ ಹತ್ತಿರ ಇದ್ದ ಅನುಭವಕ್ಕೆ ಎಲ್ಲ ಕಡೆ ಬೆಲೆ ಇದೆ.

ಮನೆಯಲ್ಲಿ ತಯಾರಿ

• ಮಗಳನ್ನು ಕೂರಿಸಿಕೊಂಡು ಮನೆಯ ಕಾಯಿಲೆ ಕಸಾಲೆಗಳಲ್ಲಿ ಅವಳು ಏನೇನು ಮಾಡಿದ್ದಾಳೆ ಅಂತ ನೆನಪು ಮಾಡಿರಿ. ತಮ್ಮನಿಗೆ ಜ್ವರ ಬಂದದ್ದು, ಅಕ್ಕನ ಬಾಣಂತನ, ತಾತನ ಬಿಪಿ ಮಾತ್ರೆ. ಎರಡು ಮೂರು ಘಟನೆಗಳನ್ನು ಆರಿಸಿಕೊಳ್ಳಲಿ.
• ಪ್ರತಿಯೊಂದನ್ನೂ ನಾಲ್ಕು ಹೆಜ್ಜೆಯಲ್ಲಿ ಹೇಳಲಿ. ಏನಾಯಿತು, ನಾನೇನು ಮಾಡಿದೆ, ಅದರಿಂದ ಏನಾಯಿತು, ನಾನೇನು ಕಲಿತೆ. ಎರಡು ನಿಮಿಷ ಸಾಕು. ಬಾಯಿಪಾಠ ಬೇಡ.
• ಸಾಧ್ಯವಾದರೆ ಹತ್ತಿರದ ಆಸ್ಪತ್ರೆಯಲ್ಲಿ ಈ ಕೆಲಸ ಮಾಡುವವರನ್ನು ಕಂಡು ಹತ್ತು ನಿಮಿಷ ಮಾತಾಡಿಸಲಿ. "ನಿಮ್ಮ ಕೆಲಸದಲ್ಲಿ ಕಷ್ಟ ಯಾವುದು?" ಅಂತ ಕೇಳಲಿ.
• ಇಂಗ್ಲಿಷ್ ಬಗ್ಗೆ ಭಯ ಬೇಡ. ಸಣ್ಣ ವಾಕ್ಯ, ನಿಧಾನದ ಮಾತು. ಪ್ರಶ್ನೆ ಅರ್ಥವಾಗದಿದ್ದರೆ "ದಯವಿಟ್ಟು ಇನ್ನೊಮ್ಮೆ ಹೇಳಿ" ಅಂತ ಕೇಳುವುದು ತಪ್ಪಲ್ಲ.
• ಅಂಕಪಟ್ಟಿ, ಟಿಸಿ, ಆಧಾರ್, ಫೋಟೋ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಲ್ಲದರ ಜೆರಾಕ್ಸ್ ಹಿಂದಿನ ದಿನವೇ ಒಂದು ಫೈಲಿನಲ್ಲಿ ಇರಲಿ. ಬಟ್ಟೆ ಹೊಸದೇ ಆಗಬೇಕಿಲ್ಲ, ಶುಭ್ರವಾಗಿದ್ದರೆ ಸಾಕು.
• ಜೊತೆಗೆ ಹೋದ ಅಪ್ಪ ಅಮ್ಮ ಒಳಗಿನ ಪ್ರಶ್ನೆಗೆ ಉತ್ತರ ಹೇಳಬೇಡಿ. ಮಗಳೇ ಮಾತಾಡಲಿ.

ಸಂಘದಲ್ಲಿ ಅಭ್ಯಾಸ

ಆ ಹುಡುಗಿಯ ಎರಡನೇ ಸಂದರ್ಶನಕ್ಕೆ ಮೊದಲು ನಾವು ಒಂದು ಪ್ರಯೋಗ ಮಾಡಿದೆವು. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅವಳನ್ನು ಎದುರಿಗೆ ಕೂರಿಸಿದೆವು. ಮೂವರು ಸದಸ್ಯೆಯರು ಪ್ರಶ್ನೆ ಕೇಳುವವರಾದರು. ಮೊದಲು ಎಲ್ಲರಿಗೂ ನಗು. ಆಮೇಲೆ ಒಬ್ಬ ಅಕ್ಕ ಕೇಳಿದರು: "ನನಗೆ ಸಕ್ಕರೆ ಕಾಯಿಲೆ ಅಂತಾರೆ. ಏನೂ ನೋವಿಲ್ಲ. ಮಾತ್ರೆ ಯಾಕೆ ನುಂಗ್ಬೇಕು? ನಂಗೆ ಅರ್ಥ ಆಗೋ ಹಾಗೆ ಹೇಳು ನೋಡೋಣ."

ಹುಡುಗಿ ಪುಸ್ತಕದ ಮಾತು ಶುರು ಮಾಡಿದಳು. "ಅದೆಲ್ಲ ನಂಗೆ ತಿಳಿಯಲ್ಲ" ಅಂದರು ಅಕ್ಕ. ಎರಡನೇ ಸಲ ಅವಳು ಹೇಳಿದಳು: "ಅಕ್ಕಾ, ಗೆದ್ದಲು ಹಿಡಿದ ತೊಲೆ ಮೇಲಿಂದ ಚೆನ್ನಾಗೇ ಕಾಣುತ್ತೆ, ಒಳಗೆ ತಿಂತಾ ಇರುತ್ತೆ. ಸಕ್ಕರೆ ಜಾಸ್ತಿ ಇದ್ರೆ ಕಣ್ಣು, ಕಿಡ್ನಿ, ಕಾಲಿನ ನರ ಹಾಗೇ ಒಳಗಿಂದ ಹಾಳಾಗುತ್ತೆ. ನೋವು ಬರೋ ಹೊತ್ತಿಗೆ ತಡ ಆಗಿರುತ್ತೆ." ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಅಕ್ಕ ಮುಂದಿನ ವಾರ ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದರು!

ಇದಕ್ಕಿಂತ ಒಳ್ಳೆಯ ತಯಾರಿ ಯಾವ ಕೋಚಿಂಗ್‌ನಲ್ಲಿ ಸಿಗುತ್ತದೆ? ನಾಳೆ ಅವಳ ಮುಂದೆ ಬಂದು ಕೂರುವ ರೋಗಿಗಳು ನಮ್ಮಂಥವರೇ ತಾನೆ?

ನಾವೂ ಪ್ರಶ್ನೆ ಕೇಳಬೇಕು

ಇದೇ ಸಮಯದಲ್ಲಿ ಒಬ್ಬ ಏಜೆಂಟ್ ಆ ತಾಯಿಯ ಬೆನ್ನು ಹತ್ತಿದ್ದ. "ಅರುವತ್ತು ಸಾವಿರ ಕೊಡಿ, ಇಂಟರ್‌ವ್ಯೂ ಪಾಸ್ ಮಾಡಿಸ್ತೀನಿ. ಓದು ಮುಗಿದ ಮೇಲೆ ನೇರ ಅಮೆರಿಕದಲ್ಲಿ ಕೆಲಸ" ಅಂದಿದ್ದ. ತಾಯಿ ಸಂಘದಲ್ಲಿ ಸಾಲ ಕೇಳಿದರು. ಸದಸ್ಯೆಯರು "ರಶೀದಿ ಕೊಡ್ತಾನಾ?" ಅಂತ ಒಂದೇ ಪ್ರಶ್ನೆ ಕೇಳಿದರು. ಇಲ್ಲ ಎಂದಾಗ ಸಾಲ ಮಂಜೂರಾಗಲಿಲ್ಲ. ತಾಯಿಗೆ ಅಂದು ಬೇಸರವಾಯಿತು. ಇಂದು ಅವರೇ ಬೇರೆ ಸಂಘಗಳಲ್ಲಿ ಈ ಕಥೆ ಹೇಳುತ್ತಾರೆ.

ತಿಳಿದಿರಲಿ: ಅಮೆರಿಕದಲ್ಲಿ ಈ ಕೆಲಸ ಮಾಡಲು ಅಲ್ಲಿಯ ಮಾನ್ಯತೆ ಪಡೆದ ಕೋರ್ಸನ್ನೇ ಓದಿ, ಅಲ್ಲಿಯ ಪರೀಕ್ಷೆ ಪಾಸಾಗಬೇಕು. ನಮ್ಮ ಪದವಿ ಹಿಡಿದುಕೊಂಡು ನೇರವಾಗಿ ಹೋಗುವಂತಿಲ್ಲ. ನಿಗದಿತ ಶುಲ್ಕದ ಮೇಲೆ ಡೊನೇಷನ್ ಕೇಳುವುದನ್ನು 1984ರ ಕರ್ನಾಟಕದ ಕಾಯ್ದೆ ನಿಷೇಧಿಸಿದೆ.

ಕಾಲೇಜಿನಲ್ಲಿ ಮಗಳ ಸಂದರ್ಶನ ಮುಗಿದ ಮೇಲೆ ನಮ್ಮ ಸರದಿ. ಸಂಕೋಚಪಡದೆ ಕೇಳಿರಿ:

1. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಈ ಕೋರ್ಸಿಗೆ ಅನುಮತಿ ಇರುವ ಪತ್ರ ತೋರಿಸುತ್ತೀರಾ?
2. ತರಬೇತಿ ಯಾವ ಆಸ್ಪತ್ರೆಯಲ್ಲಿ? ಎಷ್ಟು ಹಾಸಿಗೆಯ ಆಸ್ಪತ್ರೆ?
3. ನಾಲ್ಕು ವರ್ಷಕ್ಕೆ ಹಾಸ್ಟೆಲ್, ಪರೀಕ್ಷೆ, ಸಮವಸ್ತ್ರ ಸೇರಿ ಒಟ್ಟು ಎಷ್ಟು?
4. ಕೊನೆಯ ತರಬೇತಿ ವರ್ಷದಲ್ಲಿ ಸ್ಟೈಪೆಂಡ್ ಇದೆಯೇ, ಅಥವಾ ಆಗಲೂ ಫೀಸ್ ಕಟ್ಟಬೇಕೇ?
5. ಹಿಂದೆ ಓದಿದವರು ಈಗ ಎಲ್ಲಿದ್ದಾರೆ? ಒಬ್ಬರ ಜೊತೆ ಮಾತಾಡಬಹುದೇ?
6. ಮಧ್ಯದಲ್ಲಿ ಬಿಟ್ಟರೆ ಫೀಸು, ಮೂಲ ಅಂಕಪಟ್ಟಿ ವಾಪಸ್ ಕೊಡುವ ನಿಯಮ ಏನು?

ಉತ್ತರಗಳನ್ನು ಬರೆದುಕೊಳ್ಳಿರಿ. ಬ್ಯಾಂಕಿನ ಶಿಕ್ಷಣ ಸಾಲಕ್ಕೂ ಇದೇ ವಿವರ ಬೇಕು. ಸಂಘದ ಸಾಲವನ್ನು ಮೊದಲ ಕಂತಿಗೆ, ಬಸ್ ಖರ್ಚಿಗೆ ಇಟ್ಟುಕೊಂಡು ದೊಡ್ಡ ಮೊತ್ತಕ್ಕೆ ಬ್ಯಾಂಕನ್ನೂ, ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲನ್ನೂ ವಿಚಾರಿಸಿರಿ. ಕೈಸಾಲದ ಮೀಟರ್ ಬಡ್ಡಿಗೆ ಹೋಗಬೇಡಿ.

ಕೊನೆಯದಾಗಿ

ಎರಡನೇ ಕಾಲೇಜಿನಲ್ಲಿ "ನಿನ್ನ ಬಗ್ಗೆ ಹೇಳು" ಅಂದಾಗ ಆ ಹುಡುಗಿ ಅಜ್ಜಿಯ ಕಥೆ ಹೇಳಿದಳು. ಇಂಗ್ಲಿಷ್ ಎರಡು ಕಡೆ ತಪ್ಪಿತಂತೆ, ಒಂದು ಕಡೆ ಕನ್ನಡವೇ ಬಂತಂತೆ. ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ. ಎರಡನೇ ಪಟ್ಟಿಯಲ್ಲಿ ಬಂತು. ಈಗ ಓದುತ್ತಿದ್ದಾಳೆ. ರಜೆಯಲ್ಲಿ ಬಂದರೆ ಅಜ್ಜಿಗೆ ಇನ್ಸುಲಿನ್ ಚುಚ್ಚುವವಳು ಈಗಲೂ ಅವಳೇ.

ಎಲ್ಲರಿಗೂ ಸೀಟು ಸಿಗುತ್ತದೆ ಅಂತ ನಾವು ಮಾತು ಕೊಡಲಾರೆವು. ಆದರೆ ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಮಾಡುವ ಆರೈಕೆಯನ್ನು "ಏನೂ ಮಾಡಿಲ್ಲ" ಅಂತ ಹೇಳಿ ತಲೆ ತಗ್ಗಿಸಿ ಬರುವುದು ಬೇಡ. ಅದನ್ನು ಕೆಲಸ ಅಂತ ಮೊದಲು ಗುರುತಿಸಬೇಕಾದವರು ನಾವೇ.

ಚರ್ಚೆಗೆ

1. ನಮ್ಮ ಮನೆಯಲ್ಲಿ ರೋಗಿಗಳ ಆರೈಕೆ ಮಾಡುವವರು ಯಾರು? ಅದನ್ನು ನಾವು ಕೆಲಸ ಅಂತ ಲೆಕ್ಕ ಹಾಕುತ್ತೇವೆಯೇ?
2. ಈ ವರ್ಷ ಪಿಯುಸಿ ಮುಗಿಸುವ ಮಕ್ಕಳು ನಮ್ಮ ಸಂಘದಲ್ಲಿ ಎಷ್ಟು ಜನ? ಅವರಿಗೆ ಅಭ್ಯಾಸ ಸಂದರ್ಶನ ಯಾವ ವಾರ ಇಟ್ಟುಕೊಳ್ಳೋಣ?
3. ಓದಿನ ಸಾಲ ಮಂಜೂರು ಮಾಡುವ ಮೊದಲು ಸಂಘ ಯಾವ ಮೂರು ಪ್ರಶ್ನೆ ಕೇಳಬೇಕು? ನಿರ್ಣಯ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.